ಕ್ಲಿಕ್ ಅನ್ನದ ಲಿವರ್

ನಾನು ಮಾತಾಡುವಾಗ ನನ್ನ ಬಾಯಿಯನ್ನೇ ನೋಡುತ್ತಿದ್ದವರು ಅವರೊಬ್ಬರೇ.

ಮಿಕ್ಕವರೆಲ್ಲ ನನ್ನ ಮಾತು ಮುಗಿಯುವ ಮೊದಲೇ ಬೇರೆಲ್ಲೋ ನೋಡುತ್ತಿರುತ್ತಾರೆ. ತಪ್ಪು ಅವರದಲ್ಲ. ನನ್ನ ದನಿ ಗಂಟಲಿನಿಂದ ಹೊರಟು ಹಲ್ಲಿನ ಹತ್ತಿರ ಬರುವಷ್ಟರಲ್ಲಿ ಅರ್ಧ ಕರಗಿರುತ್ತದೆ. ಮನೆಯಲ್ಲಿ ನನ್ನನ್ನು ಮೂಗಿ ಎಂದೇ ಕರೆಯುವುದು. ಸೋದರಮಾವ ಇಟ್ಟ ಹೆಸರು. ಡಿಗ್ರಿ ಮುಗಿಸಿ, ಹೋದ ಇಂಟರ್‌ವ್ಯೂಗಳಲ್ಲೆಲ್ಲ "ಸ್ವಲ್ಪ ಜೋರಾಗಿ ಹೇಳಿಮ್ಮ" ಅನ್ನಿಸಿಕೊಂಡು, ಕೊನೆಗೆ ಹೋಗುವುದನ್ನೇ ಬಿಟ್ಟು ಮನೆಯಲ್ಲಿ ಉಳಿದವಳನ್ನು ಮಾವನೇ ತನ್ನ ಸೈಕಲ್ ಅಂಗಡಿಗೆ ಕರೆದುಕೊಂಡ. "ಸೈಕಲ್‌ಗಳು ಇಂಟರ್‌ವ್ಯೂ ಮಾಡಲ್ಲ, ಬಾ" ಅಂದ.

ಅಂಗಡಿ ಉದ್ದಕ್ಕೆ, ಕಿರಿದಾಗಿತ್ತು. ಮುಂದೆ ಕೌಂಟರ್, ನಡುವೆ ಕಿಟಕಿಯ ಪಕ್ಕ ಸೈಕಲ್ಲನ್ನು ಎತ್ತಿ ಸಿಕ್ಕಿಸುವ ಸ್ಟ್ಯಾಂಡ್, ಹಿಂದೆ ಒಂದು ಓಣಿಗೆ ತೆರೆಯುವ ಬಾಗಿಲು. ಚಾವಣಿಯಿಂದ ಚಕ್ರಗಳು ತೂಗಾಡುತ್ತಿದ್ದವು. ಮಧ್ಯಾಹ್ನದ ಬಿಸಿಲು ಅವುಗಳ ಸ್ಪೋಕುಗಳಲ್ಲಿ ಹಾದು ನೆಲದ ಮೇಲೆ ತೆಳ್ಳಗಿನ ಗೆರೆ ಎಳೆಯುತ್ತಿತ್ತು.

ಅವರು ಬಂದ ದಿನ ನಾನು ಕೌಂಟರಿನ ಕೆಳಗೆ ಮೊಣಕಾಲೂರಿ ಬ್ರೇಕ್ ರಬ್ಬರುಗಳ ಡಬ್ಬ ಹುಡುಕುತ್ತಿದ್ದೆ. ಬಾಗಿಲಲ್ಲಿ ಸೈಕಲ್ ನಿಲ್ಲಿಸಿದ ಸದ್ದಾಯಿತು. ಕೂತಲ್ಲಿಂದಲೇ "ಏನು ಬೇಕಿತ್ತು?" ಎಂದೆ. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದೆ. ಇಣುಕಿ ನೋಡಿದರೆ, ಆ ಮನುಷ್ಯ ತೂಗುಹಾಕಿದ್ದ ಬೆಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ ಆರಾಮಾಗಿ ನಿಂತಿದ್ದರು. ಎಂಥ ಗರ್ವ ಇವರಿಗೆ ಅಂದುಕೊಂಡು ಎದ್ದು ನಿಂತೆ.

"ಓ, ಇಲ್ಲಿದೀರಾ? ಅಂಗಡೀಲಿ ಯಾರೂ ಇಲ್ಲ ಅಂದ್ಕೊಂಡೆ."

"ಎರಡು ಸಲ ಕೇಳಿದೆ."

"ಹೌದಾ? ಹಾಗಾದ್ರೆ ಮೂರನೇ ಸಲ ಕೇಳಿ. ಹೇಳ್ತೀನಿ."

ನಗು ಬಂತು. ನಗುವನ್ನು ನುಂಗಿಕೊಂಡು, ಕೆನ್ನೆ ಬಿಸಿಯಾಗುತ್ತಿರುವುದನ್ನು ಲೆಕ್ಕಿಸದೆ, ಮೂರನೇ ಸಲ ಕೇಳಿದೆ. ಆಗ ಅವರು ನೋಡಿದರು. ಕಣ್ಣನ್ನಲ್ಲ. ತುಟಿಯನ್ನು. ಓದುವ ಹುಡುಗ ಹೊಸ ಪುಸ್ತಕದ ಮೊದಲ ಪುಟವನ್ನು ನೋಡುವ ಹಾಗೆ, ಒಂದು ಅಕ್ಷರವೂ ತಪ್ಪಿಹೋಗಬಾರದು ಎನ್ನುವ ಹಾಗೆ. ನನ್ನ ಇಷ್ಟು ವರ್ಷದ ಬಾಳಿನಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ.

ಅವರು ಶಾಲೆಯಲ್ಲಿ ಭೂಗೋಳದ ಮೇಷ್ಟ್ರಂತೆ. ಕೆಲಸ ಬಿಟ್ಟಿದ್ದಾರಂತೆ. ಸೈಕಲ್ಲಿನಲ್ಲಿ ದೂರ ಹೋಗುತ್ತಾರಂತೆ, ರಸ್ತೆಗಳು ಕರೆದುಕೊಂಡು ಹೋದಷ್ಟು ದೂರ. ಹಿಂದೆ ಮುಂದೆ ಚೀಲ ಕಟ್ಟುವ ಕ್ಯಾರಿಯರ್‌ಗಳಿದ್ದ ಗಟ್ಟಿ ಟೂರಿಂಗ್ ಸೈಕಲ್ಲು ಅವರದು.

"ಗೇರ್ ಬದಲಾಯಿಸೋದು ಬ್ರೇಕ್ ಲಿವರ್ ಒಳಗೇ ಸೇರ್ಕೊಂಡಿದೆ" ಎಂದರು. "ಊರಿಲ್ಲದ ಕಡೆ ಅದು ಕೈಕೊಟ್ರೆ ಬಿಚ್ಚಿ ರಿಪೇರಿ ಮಾಡೋಕಾಗಲ್ಲ. ಬದಲಿಗೆ ಒಂದು ಸಣ್ಣ ಶಿಫ್ಟರ್ ಇಟ್ಕೊಳ್ಳೋಣ ಅಂತ."

ಒಳಗಿನಿಂದ ಮಾವ ಬಂದ. ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿದ.

"ಬದಲಿ ಸಾಮಾನು ಅಂದ್ರೆ ಚೀಲದ ತಳದಲ್ಲಿ ನಿದ್ದೆ ಮಾಡೋದಲ್ಲ ಮೇಷ್ಟ್ರೇ. ನನ್ನ ಅಂಗಡೀಲಿ ಒಂದು ಪದ್ಧತಿ ಇದೆ. ಹೊರಡೋ ದಿನ ಆ ಬದಲೀನಲ್ಲೇ ಹೊರಡ್ಬೇಕು. ಅದು ನಿಮ್ಮ ಕೈಗೆ ಹೊಂದ್ಕೊಂಡ್ಮೇಲೆ ಬಿಚ್ಚಿ ಒಳಗಿಡಿ. ಕೈಗೆ ಬಾರದ ಸಾಮಾನನ್ನ ನಾನು ಯಾರಿಗೂ ಕೊಡಲ್ಲ." ಆಮೇಲೆ ಗದ್ದ ಎತ್ತಿ ನನ್ನನ್ನು ತೋರಿಸಿದ. "ಮೂಗಿ ತೋರಿಸ್ತಾಳೆ. ಅವಳಿಗೆ ಪುರುಸೊತ್ತು."

"ಮೂಗಿ?" ಎಂದರು ಮೇಷ್ಟ್ರು, ನನ್ನನ್ನು ನೋಡುತ್ತ.

"ಮಾತು ಬರತ್ತೆ" ಎಂದೆ ನಾನು. "ಖರ್ಚು ಮಾಡಲ್ಲ ಅಷ್ಟೇ."

ನಾನು ಹಾಗೆ ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

*

ಕೌಂಟರಿನ ಮೇಲೆ ಹಸಿರು ಬಟ್ಟೆ ಹಾಸಿ ಶಿಫ್ಟರ್‌ಗಳನ್ನು ಇಟ್ಟೆ. ಮೊದಲನೆಯದನ್ನು ಬೆರಳಿನಿಂದ ತಳ್ಳಿ ತೋರಿಸಿದೆ.

"ಇದು ಕ್ಲಿಕ್ ಅನ್ನತ್ತೆ. ಒಂದು ಕ್ಲಿಕ್‌ಗೆ ಒಂದು ಗೇರ್. ಯೋಚನೇನೇ ಬೇಡ. ಆದ್ರೆ ದಾರೀಲಿ ಹಿಂದಿನ ಹಲ್ಲುಚಕ್ರ ಸವೆದು ಬೇರೆ ಅಳತೇದು ಹಾಕಿಸಿದ್ರೆ ಇದರ ಲೆಕ್ಕ ತಪ್ಪತ್ತೆ."

"ಮತ್ತೆ ಇದು?"

"ಇದು ಕ್ಲಿಕ್ ಅನ್ನಲ್ಲ. ನೀವು ಎಷ್ಟು ಎಳೀತೀರೋ ಅಷ್ಟು. ಯಾವ ಚಕ್ರದ ಜೊತೆಗಾದ್ರೂ ಹೊಂದ್ಕೊಳ್ಳತ್ತೆ. ಕೆಡೋಕೆ ಒಳಗೆ ಏನೂ ಇಲ್ಲ. ಆದ್ರೆ ಗೇರ್ ಎಲ್ಲಿದೆ ಅಂತ ನೀವೇ ಹುಡುಕ್ಕೋಬೇಕು. ಸರಿಯಾಗಿ ಕೂರದೇ ಇದ್ರೆ ಚೈನು ಗೊಣಗತ್ತೆ. ಗೊಣಗೋದು ನಿಲ್ಲೋವರೆಗೆ ಲಿವರನ್ನ ಒಂಚೂರು ಆಚೆ, ಒಂಚೂರು ಈಚೆ ಮಾಡ್ಬೇಕು. ಕಿವಿ ಇದ್ರೆ ಸಾಕು."

ಅವರು ತಲೆಯಾಡಿಸಿದರು. ಕ್ಲಿಕ್ ಅನ್ನದ ಲಿವರನ್ನು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದರು.

"ಯಾರ ಜೊತೆಗಾದ್ರೂ ಹೊಂದ್ಕೊಳ್ಳತ್ತೆ ಅಂದ್ರಲ್ಲ, ಇದೇ ಇರ್ಲಿ. ಆದ್ರೆ ನಾಳೆ ಬಂದು ಇನ್ನೊಂದು ಸಲ ಎಲ್ಲಾನೂ ನೋಡ್ತೀನಿ."

ಮರುದಿನ ಬಂದರು. ಅದರ ಮರುದಿನವೂ. ಅದನ್ನು ಹ್ಯಾಂಡಲ್ ಮೇಲೆ ಹಾಕಬೇಕೋ, ಫ್ರೇಮಿನ ಓರೆ ದಂಡದ ಮೇಲೋ ಎನ್ನುವುದೇ ಒಂದು ವಾರದ ಮಾತಾಯಿತು. ಹ್ಯಾಂಡಲ್ ಮೇಲಾದರೆ ಕೈ ಎತ್ತಬೇಕಿಲ್ಲ. ದಂಡದ ಮೇಲಾದರೆ ಪ್ರತಿ ಸಲ ಬಾಗಿ ಕೈ ಕೆಳಗಿಳಿಸಬೇಕು, ಆದರೆ ಕೇಬಲ್ ಚಿಕ್ಕದು, ತುಂಡಾಗುವ ಭಯ ಕಡಿಮೆ. ನಾನು ಒಂದರ ಪರ ವಾದಿಸಿದರೆ ಅವರು ಇನ್ನೊಂದರ ಪರ. ನಾನು ಒಪ್ಪಿಕೊಂಡರೆ ಅವರು ತಿರುಗಿ ನನ್ನ ಮೊದಲಿನ ಪಕ್ಷ ಹಿಡಿಯುತ್ತಿದ್ದರು.

"ಮೇಷ್ಟ್ರೇ, ನಿಮಗೆ ಶಿಫ್ಟರ್ ಬೇಕೋ ಜಗಳ ಬೇಕೋ?"

"ಶಿಫ್ಟರ್ ಒಂದೇ ಸಾಕು. ಜಗಳಕ್ಕೆ ಬದಲಿ ಇದ್ರೆ ಒಳ್ಳೇದು."

ಮಾವ ಚಕ್ರ ತಿರುಗಿಸುತ್ತ ಒಳಗಿಂದ ಕೂಗುತ್ತಿದ್ದ. "ಏ ಮೂಗಿ, ಒಂದು ಲಿವರ್ ತೋರಿಸೋಕೆ ಇಷ್ಟು ಮಾತಾ? ಜೀವಮಾನದ ಕೋಟಾ ಈ ತಿಂಗಳೇ ಮುಗಿಸ್ತೀಯೇನೇ?"

ಮುಗಿಸಿದರೂ ಚಿಂತೆಯಿಲ್ಲ ಅನ್ನಿಸುತ್ತಿತ್ತು. ನಾನು ಮಾತಾಡುತ್ತಿದ್ದೆ. ಕೇಬಲ್ ತುದಿ ಕತ್ತರಿಸುತ್ತ, ಸ್ಕ್ರೂಗೆ ಎಣ್ಣೆ ಬಿಡುತ್ತ, ಡೈರಿಗೆ ಬಿಟ್ಟು ಬೇರೆ ಯಾರಿಗೂ ಹೇಳದ್ದನ್ನೆಲ್ಲ ಹೇಳುತ್ತಿದ್ದೆ. ಇಂಟರ್‌ವ್ಯೂ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಹೆಸರು ಕರೆದಾಗ ಏಳಲಾಗದೆ ಕೂತೇ ಇದ್ದದ್ದು. ಅಮ್ಮ ಹೋದ ಮೇಲೆ ಫೋನಿನಲ್ಲಿ ಉಳಿದ ಅಮ್ಮನ ದನಿಯನ್ನು ಒಂದು ಸಲವೂ ಹಾಕಿ ಕೇಳಲಾಗದ್ದು. ಒಂದು ಸಂಜೆ, ಚಕ್ರದ ಓಲಾಟ ಸರಿಮಾಡುತ್ತ, ತಲೆ ತಗ್ಗಿಸಿಕೊಂಡೇ ಅಂದೆ: "ನೀವು ಬರೋವರೆಗೆ ನನಗೆ ಒಂಟಿತನ ಇದೆ ಅಂತಾನೇ ಗೊತ್ತಿರ್ಲಿಲ್ಲ. ಅದೇ ನನ್ನ ಸ್ವಭಾವ ಅಂದ್ಕೊಂಡಿದ್ದೆ."

ತಲೆಯೆತ್ತಿ ನೋಡಿದಾಗ ಅವರು ಮೆಲ್ಲಗೆ ತಲೆಯಾಡಿಸುತ್ತಿದ್ದರು.

ಆ ಒಂದು ತಲೆಯಾಡಿಕೆಯನ್ನು ನಾನು ಮನೆಗೆ ತಂದು, ದಿಂಬಿನ ಕೆಳಗಿಟ್ಟುಕೊಂಡವಳಂತೆ ಮಲಗಿದೆ.

*

ಕೊನೆಗೆ ಲಿವರನ್ನು ಹ್ಯಾಂಡಲ್ ಮೇಲೆಯೇ ಕೂರಿಸಿದೆ. ಮಾವನ ಪದ್ಧತಿಯಂತೆ ಓಡಿಸಿ ನೋಡಬೇಕು. ಹಿಂದಿನ ಬಾಗಿಲು ತೆರೆದೆ. ಓಣಿಯಲ್ಲಿ ಅವರು ಸೈಕಲ್ ಏರಿದರು. ನಾನು ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟೆ.

ಮೊದಲ ಗೇರ್ ಬದಲಾಯಿತು. ಚೈನು ಎರಡು ಹಲ್ಲುಚಕ್ರಗಳ ನಡುವೆ ಸಿಕ್ಕಿ ಗರಗರ ಎಂದಿತು. ಅವರು ಲಿವರ್ ಮುಟ್ಟಲಿಲ್ಲ. ಇನ್ನೊಂದು ಗೇರ್. ಮತ್ತೆ ಗರಗರ. ಓಣಿಯ ಎರಡೂ ಗೋಡೆಗೆ ಬಡಿದು ಆ ಸದ್ದು ದೊಡ್ಡದಾಗಿತ್ತು. ಅವರು ಮಾತ್ರ ತುದಿಯಲ್ಲಿ ತಿರುಗಿ ಬರುತ್ತ ನಗುತ್ತಿದ್ದರು.

"ಚೆನ್ನಾಗಿದೆ. ಬೆಣ್ಣೆ ಥರ ಹೋಗ್ತಿದೆ."

ನನಗೆ ಅರ್ಥವಾಗಲಿಲ್ಲ. ತಮಾಷೆ ಅಂದುಕೊಂಡೆ. "ಇನ್ನೊಂದು ಸುತ್ತು ಹಾಕಿ" ಎಂದು ಕೈಯಲ್ಲಿ ತೋರಿಸಿದೆ.

ಅವರು ನನ್ನನ್ನು ದಾಟಿ ಹೋದರು. ಅವರ ಹಿಂದೆಯೇ ಓಣಿಗೆ ಒಂದು ಸಾಮಾನಿನ ವ್ಯಾನು ನುಗ್ಗಿತು. ಹಾರ್ನ್ ಹೊಡೆಯಿತು. ಅವರು ಓಣಿಯ ನಡುವೆಯೇ ಹೋಗುತ್ತಿದ್ದರು. ವ್ಯಾನಿನವನು ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ನಾನು ಕೂಗಿದೆ. ನನ್ನ ಗಂಟಲಲ್ಲಿ ಅಂಥ ಕೂಗೊಂದಿದೆ ಎಂದು ಅಂದೇ ಗೊತ್ತಾದದ್ದು. ಮಾವ ಒಳಗಿಂದ ಓಡಿ ಬಂದ. ಮೇಲಿನ ಕಿಟಕಿಯಿಂದ ಯಾರೋ ಇಣುಕಿದರು. ಅವರೊಬ್ಬರೇ ತಿರುಗಲಿಲ್ಲ.

ನಾನು ಗೋಡೆಗೆ ಒತ್ತಿಕೊಂಡು ವ್ಯಾನನ್ನು ದಾಟಿ ಓಡಿ, ಕ್ಯಾರಿಯರ್ ಹಿಡಿದು ಎಳೆದೆ. ಸೈಕಲ್ ಓರೆಯಾಯಿತು. ಅವರು ಕಾಲೂರಿ ತಿರುಗಿ ನೋಡಿದರು. ಹಿಂದೆ ನಿಂತಿದ್ದ ವ್ಯಾನನ್ನು, ಬೈಯುತ್ತಿದ್ದ ಡ್ರೈವರನ್ನು, ಆಮೇಲೆ ನನ್ನ ಮುಖವನ್ನು. ನನ್ನ ಮುಖ ನೋಡಿದ ಮೇಲೆ ಅವರ ನಗು ಹೋಯಿತು.

"ನಿಮಗೆ ಕೇಳಿಸಲ್ಲ" ಎಂದೆ. ಅದು ಪ್ರಶ್ನೆಯಾಗಿರಲಿಲ್ಲ.

*

ಮಾವ ಏನೂ ಕೇಳದೆ ಒಳಗೆ ಹೋದ. ನಾವಿಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಕೂತೆವು. ಅವರು ತಾವಾಗಿಯೇ ನನ್ನ ಎಡಕ್ಕೆ ಬಂದು ಕೂತರು, ಬಲಗಿವಿ ನನ್ನ ಕಡೆಗಿರುವಂತೆ. ಯಾವಾಗಲೂ ಹಾಗೇ ಕೂರುತ್ತಿದ್ದರೆನ್ನುವುದು ಆಗ ಹೊಳೆಯಿತು.

"ಎಡಗಿವಿ ಪೂರ್ತಿ ಹೋಗಿದೆ. ಇದು ಹೋಗ್ತಾ ಇದೆ. ಇಷ್ಟು ದಿನಕ್ಕೆ ಅಂತ ಡಾಕ್ಟರಿಗೂ ಹೇಳೋಕಾಗಲ್ಲ."

"ಕಿವಿಗೆ ಮಿಷನ್ ಹಾಕಿಸ್ಕೋಬಹುದಲ್ಲ?"

"ಹಾಕಿಸ್ಕೊಂಡು ನೋಡಿದೆ. ಸದ್ದು ದೊಡ್ಡದಾಗತ್ತೆ, ಮಾತು ಬಿಡಿಸಿ ಬರಲ್ಲ." ಬೂಟಿನ ತುದಿಯಿಂದ ಒಂದು ಕಲ್ಲನ್ನು ಹೊರಳಿಸಿದರು. "ಕ್ಲಾಸಲ್ಲಿ ಮಕ್ಕಳು ಏನಂದ್ರೂ ಸರಿ ಅಂತ ತಲೆಯಾಡಿಸ್ತಿದ್ದೆ. ಭೂಗೋಳದಲ್ಲಿ ಇಡೀ ಶಾಲೆ ಜಾಣವಾಗಿತ್ತು. ಒಂದಿನ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಏನೋ ಹೇಳಿದ. 'ಸರಿ, ಕೂತ್ಕೋ' ಅಂದೆ. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಏನು ಹೇಳಿದ್ನೋ ಇವತ್ತಿಗೂ ಗೊತ್ತಿಲ್ಲ. ಮಾರನೇ ದಿನ ಹೋಗಿ ರಾಜೀನಾಮೆ ಕೊಟ್ಟೆ."

ನನ್ನೊಳಗೆ ಏನೋ ಸದ್ದಿಲ್ಲದೆ ಕುಸಿಯುತ್ತಿತ್ತು.

"ನಾನು ಹೇಳಿದ್ದರಲ್ಲಿ ಎಷ್ಟು ಕೇಳಿಸ್ತಿತ್ತು?"

ಅವರು ಆ ಕಲ್ಲನ್ನು ಮತ್ತೆ ಹೊರಳಿಸಿದರು.

"ಎಷ್ಟು?"

"ನಿಮ್ಮ ದನಿ ತುಂಬಾ ಸಣ್ಣದು. ಬಾಯಿ ಕಂಡ್ರೆ ಅರ್ಧ ಗೊತ್ತಾಗ್ತಿತ್ತು. ಬಾಯಿ ಕಾಣದೇ ಇದ್ದಾಗ..." ಕೈಯನ್ನು ಖಾಲಿಯಾಗಿ ತಿರುಗಿಸಿದರು. "ನೀವು ಅಷ್ಟು ಆಸೆಯಿಂದ ಮಾತಾಡ್ತಿದ್ರಿ. ನಿಲ್ಲಿಸೋಕೆ ಮನಸ್ಸಾಗ್ಲಿಲ್ಲ."

ಹಾಗಾದರೆ ಅದು ಇಷ್ಟೇ. ಇಷ್ಟು ದಿನ ನನ್ನ ತುಟಿಯ ಮೇಲೆ ನಿಂತಿದ್ದ ಆ ನೋಟ. ನಾನು ಕನ್ನಡಿಯ ಮುಂದೆ ನಿಂತು, ಅವರಿಗೆ ಇದರಲ್ಲಿ ಏನು ಕಂಡಿತು ಎಂದು ಹುಡುಕಿ ನಾಚಿದ ನೋಟ. ಬಸ್ಸಿನ ಬೋರ್ಡನ್ನು ದೂರದಿಂದ ಓದುವವರು ಹಾಗೇ ನೋಡುತ್ತಾರೆ. ಅದನ್ನು ನಾನು ಪ್ರೀತಿ ಅಂದುಕೊಂಡಿದ್ದೆ.

ಬೆಂಚು, ಅಮ್ಮನ ದನಿ, ಒಂಟಿತನ, ಎಲ್ಲವನ್ನೂ ತಲೆ ತಗ್ಗಿಸಿಕೊಂಡೇ ಹೇಳಿದ್ದೆ. ಒಂದೂ ಅವರನ್ನು ಮುಟ್ಟಿರಲಿಲ್ಲ. ಅಷ್ಟೂ ನೆಲಕ್ಕೆ ಬಿದ್ದು, ಲೋಹದ ಚೂರುಗಳ ಜೊತೆ ಗುಡಿಸಿ ಹೋಗಿತ್ತು.

"ನಿಮ್ಮ ಮಾವನಿಗೆ ಹೇಳ್ತೀರಾ?" ಎಂದು ಕೇಳಿದರು. "ಗೊತ್ತಾದ್ರೆ ಈ ಸೈಕಲ್ಲನ್ನ ರಸ್ತೆಗೆ ಬಿಡಲ್ಲ ಅವರು."

ನಿಜ. ಒಂದು ಮಾತು ಸಾಕಿತ್ತು. ಮಾವ ಲಿವರ್ ಬಿಚ್ಚಿ ಡಬ್ಬಕ್ಕೆ ಹಾಕುತ್ತಿದ್ದ. ಮೇಷ್ಟ್ರು ಇದೇ ಊರಲ್ಲಿ ಉಳಿಯುತ್ತಿದ್ದರು.

"ಯಾಕೆ ಹೋಗ್ಬೇಕು?" ಎಂದೆ, ಅವರ ಕಡೆ ಪೂರ್ತಿ ತಿರುಗಿ, ತುಟಿ ಬಿಡಿಸಿ.

"ಗಾಳಿ, ನೀರು, ಹಕ್ಕಿ, ಊರೂರಿನ ಜನರ ಮಾತು. ಇಪ್ಪತ್ತು ಸಲ ಪಾಠ ಮಾಡಿದೀನಿ, ಒಂದನ್ನೂ ಹೋಗಿ ಕೇಳಿಲ್ಲ. ಇನ್ನೂ ಸ್ವಲ್ಪ ಉಳಿದಿದೆ. ಮನೇಲಿ ಕೂತು ಅದು ಮುಗಿಯೋದನ್ನ ನೋಡೋಕೆ ಆಗಲ್ಲ."

ನಾನು ಹೇಳುವುದಿಲ್ಲ ಎಂದೆ. ಅವರು ತಲೆಯಾಡಿಸಿದರು. ಕೇಳಿಸಿತೋ ಇಲ್ಲವೋ, ನನಗೆ ತಿಳಿಯಲಿಲ್ಲ. ಇನ್ನು ಮುಂದೆ ಅವರ ಯಾವ ತಲೆಯಾಡಿಕೆಯನ್ನೂ ನಂಬಲಾರೆ ಎನ್ನುವುದು ಮಾತ್ರ ತಿಳಿಯಿತು.

*

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಅವರು ಬಂದಾಗ ಡಬ್ಬಗಳ ಹಿಂದೆ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಮಾವ "ಏನೇ, ಮತ್ತೆ ಮೂಗಿಯಾದ್ಯಾ?" ಎಂದು ಕೆಣಕುತ್ತಿದ್ದ. ಮನೆಯಲ್ಲಿ ಕನ್ನಡಿಗೆ ಟವೆಲ್ ಹಾಕಿದೆ. ಅಳು ಬಂದರೆ ಒಳ್ಳೆಯದಿತ್ತು, ಬರಲಿಲ್ಲ. ಎದೆಯೊಳಗೆ ಚೈನು ಎರಡು ಹಲ್ಲುಗಳ ನಡುವೆ ಸಿಕ್ಕಿದ ಹಾಗೆ, ಆ ಕಡೆಗೂ ಕೂರದೆ ಈ ಕಡೆಗೂ ಕೂರದೆ, ಸುಮ್ಮನೆ ಸವೆಯುತ್ತಿತ್ತು.

ಮಾವನಿಗೆ ಹೇಳಿಬಿಡೋಣ ಅನ್ನಿಸಿದ್ದೂ ಉಂಟು. ಅವರ ಪ್ರಾಣಕ್ಕಾಗಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪ್ರಾಣಕ್ಕಾಗಿ ಅಲ್ಲ, ನನಗಾಗಿ ಎಂದು ಗೊತ್ತಿದ್ದರಿಂದ ಬಾಯಿ ಬರಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಅವರು ಬಂದಾಗ ಎದುರಿಗೆ ಹೋಗಿ ನಿಂತೆ.

"ಇವತ್ತಿಂದ ನನ್ನ ಹತ್ತಿರ ಸುಮ್ಸುಮ್ನೆ ತಲೆಯಾಡಿಸೋ ಹಾಗಿಲ್ಲ. ಗೊತ್ತಾದ್ರೆ ಮಾತ್ರ ತಲೆ. ಗೊತ್ತಾಗ್ದಿದ್ರೆ ಕೈ ಎತ್ಬೇಕು. ನಾನು ಇನ್ನೊಂದು ಸಲ ಹೇಳ್ತೀನಿ."

"ಎಷ್ಟು ಸಲ ಎತ್ಬಹುದು?"

"ಎಷ್ಟು ಸಲ ಆದ್ರೂ."

ಅವರು ಕೈ ಎತ್ತಿದರು.

"ಈಗ ಯಾಕೆ?"

"ಕೊನೇ ಮಾತು ಇನ್ನೊಂದು ಸಲ ಕೇಳೋಣ ಅಂತ."

ಕೋಪ ಬರಬೇಕಿತ್ತು. ಬರಲಿಲ್ಲವಲ್ಲ ಎಂದು ದುಃಖವಾಯಿತು.

ಸೈಕಲ್ಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿದೆ. ಬೇರಿಂಗ್ ಹಾಳಾಗಿದೆಯೇ ಎಂದು ನೋಡಲು ಮಾವ ಒಂದು ಕೆಲಸ ಮಾಡುತ್ತಾನೆ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಚಕ್ರದ ನಡುವಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತುತ್ತಾನೆ. ಅದೇ ಸ್ಕ್ರೂಡ್ರೈವರನ್ನು ಅವರ ಕೈಗೆ ಕೊಟ್ಟು ಫ್ರೇಮಿಗೆ ಒತ್ತಿಸಿ, ಪೆಡಲ್ ತಿರುಗಿಸಿದೆ. ಬೇಕೆಂದೇ ಗೇರನ್ನು ತಪ್ಪಾಗಿ ಇಟ್ಟಿದ್ದೆ.

ಅವರು ಕಣ್ಣು ಮುಚ್ಚಿದರು. ಹುಬ್ಬು ಗಂಟಾಯಿತು. ನಾನು ಲಿವರನ್ನು ಒಂಚೂರು ಸರಿಸಿದೆ. ಚೈನು ಸರಿಯಾಗಿ ಕೂತಿತು. ಅವರ ಹುಬ್ಬು ಸಡಿಲವಾಯಿತು.

"ಕೇಳಿಸ್ತಿಲ್ಲ" ಎಂದರು, ಕಣ್ಣು ಮುಚ್ಚಿಕೊಂಡೇ. "ಆದ್ರೆ ಗೊತ್ತಾಗ್ತಿದೆ."

ಆಮೇಲೆ ಸ್ಕ್ರೂಡ್ರೈವರ್ ತೆಗೆದು ಬರೀ ಅಂಗೈ ಇಡಿಸಿದೆ. ಹ್ಯಾಂಡಲ್ ಮೇಲೆ ಏನೂ ತಿಳಿಯಲಿಲ್ಲ, ಅಲ್ಲಿ ಸುತ್ತಿದ ಟೇಪು ಎಲ್ಲವನ್ನೂ ನುಂಗುತ್ತಿತ್ತು. ಫ್ರೇಮಿನ ಓರೆ ದಂಡದ ಮೇಲೆ ತಿಳಿಯಿತು. ಬರಿ ಲೋಹ, ಚೈನಿನ ಗೊಣಗು ನೇರ ಬೆರಳಿಗೆ ಬರುತ್ತಿತ್ತು. ಒಂದು ವಾರ ಜಗಳವಾಡಿದ್ದ ಪ್ರಶ್ನೆ ಕ್ಷಣದಲ್ಲಿ ಮುಗಿಯಿತು. ಲಿವರನ್ನು ಹ್ಯಾಂಡಲಿನಿಂದ ಬಿಚ್ಚಿ ದಂಡಕ್ಕೆ ಕೂರಿಸಿದೆ. ಹೆಬ್ಬೆರಳು ಲಿವರಿಗೆ, ಮಿಕ್ಕ ಬೆರಳು ದಂಡಕ್ಕೆ. ಎಲ್ಲಿ ಒತ್ತಬೇಕು ಎಂದು ತೋರಿಸಲು ಅವರ ಬೆರಳುಗಳ ಮೇಲೆ ನನ್ನ ಬೆರಳಿಟ್ಟೆ. ಗ್ರೀಸಿನ ಕೈ. ತೆಗೆಯಲು ಇಬ್ಬರೂ ಅವಸರ ಮಾಡಲಿಲ್ಲ.

ದಿನದಿನಕ್ಕೂ ಅವರ ಕೈ ಕಲಿಯಿತು. ಓಣಿಯಲ್ಲಿ ಗರಗರ ಸದ್ದು ಕಡಿಮೆಯಾಗುತ್ತ ಬಂತು. ಅವರನ್ನು ಕಳಿಸುವ ವಿದ್ಯೆಯನ್ನು ನಾನೇ, ನನ್ನ ಕೈಯಾರೆ ಕಲಿಸುತ್ತಿದ್ದೆ.

*

ಹೊರಡುವ ಹಿಂದಿನ ಮಧ್ಯಾಹ್ನ. ಮಾವ ಊಟಕ್ಕೆ ಹೋಗಿದ್ದ. ನಾನು ನೆಲದ ಮೇಲೆ ಕೂತು ಅವರ ಹಿಂದಿನ ಚಕ್ರದ ಸ್ಪೋಕುಗಳನ್ನು ಕೊನೆಯ ಸಲ ಬಿಗಿಯುತ್ತಿದ್ದೆ. ಅವರು ಎದುರಿನ ಸ್ಟೂಲಿನ ಮೇಲೆ ಕೂತಿದ್ದರು. ಬಿಸಿಲಿನ ಗೆರೆಗಳು ನೆಲದಿಂದ ನನ್ನ ಮಡಿಲಿಗೆ ಬಂದಿದ್ದವು.

ತಲೆಯೆತ್ತಿದೆ. ಅವರು ನನ್ನನ್ನು ನೋಡುತ್ತಿದ್ದರು. ಅದೇ ನೋಟ, ಮೊದಲ ದಿನದ್ದು.

"ನಾನು ಏನೂ ಹೇಳ್ಲಿಲ್ಲ" ಎಂದೆ.

"ಗೊತ್ತು."

ಸ್ಪೋಕಿನ ಕೀ ನನ್ನ ಕೈಯಿಂದ ಜಾರಿತು.

"ಮೊದಮೊದಲು ಕೇಳಿಸ್ಕೊಳ್ಳೋಕೇ ನೋಡ್ತಿದ್ದೆ" ಎಂದರು. "ಆಮೇಲೆ ಅದು ನೆಪ ಆಯ್ತು. ಜಗಳ ಮಾಡಿದ್ದೂ ಅದಕ್ಕೇ. ಹ್ಯಾಂಡಲ್ ಆದ್ರೇನು, ದಂಡ ಆದ್ರೇನು ನನಗೆ."

ನನ್ನ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ಅದಾದರೂ ಅವರಿಗೆ ಕೇಳಿಸಿರಬೇಕು.

"ಹಾಗಾದ್ರೆ..."

"ಹಾಗಾದ್ರೆ ಏನೂ ಇಲ್ಲ." ಅವರು ಮೊದಲ ಬಾರಿಗೆ ಮುಖ ತಿರುಗಿಸಿದರು. "ನಿಮಗೆ ಈಗಷ್ಟೇ ಮಾತು ಬಂದಿದೆ. ನಾನು ವಾಪಸ್ ಬರೋವಾಗ ಇಷ್ಟೂ ಇರಲ್ಲ ನನ್ನ ಹತ್ತಿರ. ಮಾತನ್ನ ಕೇಳೋ ಕಿವಿ ಇರೋರಿಗೆ ಕೊಡಿ. ನನ್ನಂಥೋನ ಮುಂದೆ ಸುರಿದು ಹಾಳುಮಾಡ್ಬೇಡಿ. ಬರ್ತೀನಿ ಅಂತ ನಾನು ಹೇಳಲ್ಲ. ಕಾಯಿರಿ ಅಂತಾನೂ ಹೇಳಲ್ಲ."

ಹೇಳಬೇಕಾದ್ದು ಎಷ್ಟೊಂದಿತ್ತು. ತುಟಿ ಬಿಚ್ಚಿದೆ. ದನಿಯೇ ಬರಲಿಲ್ಲ. ಅವರು ಕಾದರು, ಬಾಯಿಯನ್ನೇ ನೋಡುತ್ತ. ನಾನು ಬಗ್ಗಿ ಕೀ ಹುಡುಕತೊಡಗಿದೆ. ಮತ್ತೆ ಮೇಲೆ ನೋಡುವಷ್ಟರಲ್ಲಿ ಸ್ಟೂಲು ಖಾಲಿಯಾಗಿತ್ತು.

ಊಟ ಮುಗಿಸಿ ಬಂದ ಮಾವ ಸಿದ್ಧವಾಗಿದ್ದ ಸೈಕಲ್ಲನ್ನು ನೋಡಿದ, ನನ್ನನ್ನು ನೋಡಿದ. ಕಪಾಟಿನಿಂದ ಏನೋ ತೆಗೆದು ಕೌಂಟರಿನ ಮೇಲಿಟ್ಟ. ಹ್ಯಾಂಡಲಿಗೆ ಸಿಕ್ಕಿಸುವ ಕನ್ನಡಿ. ಅಂಗೈಯಷ್ಟು ಅಗಲದ್ದು.

"ಇದನ್ನೂ ಹಾಕು. ಹಿಂದೆ ಬರೋ ಗಾಡಿ ಕಾಣ್ಲಿ."

"ಮಾವ, ನಿನಗೆ..."

"ವ್ಯಾನು ಹೊಡೆದ ಹಾರ್ನು ಸತ್ತೋರಿಗೂ ಕೇಳಿಸೋ ಹಾಗಿತ್ತು ಕಣೆ. ನೀನೇ ಬಂದು ಹೇಳ್ತೀಯ, ನಿಲ್ಲಿಸು ಅಂತೀಯ ಅಂತ ಕಾದೆ. ನೀನು ಹೇಳ್ಲಿಲ್ಲ. ಕಲಿಸ್ತಾ ಕೂತೆ." ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. "ಇನ್ನು ನಿಲ್ಲಿಸೋಕೆ ನಾನ್ಯಾರು."

*

ಬೆಳಿಗ್ಗೆ ಅವರು ಚೀಲಗಳನ್ನು ಕಟ್ಟಿದರು. ಮಾವ ಟೈರುಗಳನ್ನು ಒತ್ತಿ ನೋಡಿ, ಬೆನ್ನು ತಟ್ಟಿ, "ಬ್ರೇಕು ನೋಡ್ಕೊಳ್ಳಿ ಮೇಷ್ಟ್ರೇ" ಎಂದಷ್ಟೇ ಹೇಳಿ ಒಳಗೆ ಹೋದ. ಇಂಥ ಹೊತ್ತಿನಲ್ಲಿ ಅವನೂ ನನ್ನ ವಂಶವೇ.

"ಬರ್ತೀನಿ" ಎನ್ನುವ ಪದ ಹೊರಡುವವರೆಲ್ಲ ಹೇಳುವಂಥದ್ದು. ಅವರು ಅದನ್ನೂ ಹೇಳಲಿಲ್ಲ. ನನ್ನ ಮುಖವನ್ನು ಒಮ್ಮೆ ನೋಡಿ, ಸೈಕಲ್ ಏರಿ, ಕೆಲವೇ ಹೆಜ್ಜೆ ದೂರ ಹೋಗಿ ರಸ್ತೆಯಂಚಿನಲ್ಲಿ ಕಾಲೂರಿ ನಿಂತರು. ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಸಂದು ಸಿಗಲು ಕಾಯುತ್ತಿದ್ದರು. ಅವರ ಬೆನ್ನು ನನ್ನ ಕಡೆಗಿತ್ತು.

ಬೆನ್ನಿಗೆ ಹೇಳುವುದು ಸುಲಭ. ಕೇಳಿಸದ ಬೆನ್ನಿಗೆ ಇನ್ನೂ ಸುಲಭ. ನನ್ನೊಳಗೇ ಇದ್ದು ಕೊಳೆಯುವ ಬದಲು ಒಮ್ಮೆ ಗಾಳಿಯಲ್ಲಾದರೂ ಇರಲಿ ಎಂದು, ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ನಿಂತು ಅಂದೆ.

"ನೀವು ನನಗೆ ಬೇಕು. ಕೇಳಿಸದೇ ಇದ್ರೂ ಬೇಕು."

ಗಾಡಿಗಳು ಹೋಗುತ್ತಲೇ ಇದ್ದವು. ಅವರು ತಿರುಗಲಿಲ್ಲ. ಅವರ ಎಡಗೈ ಹ್ಯಾಂಡಲ್ ಬಿಟ್ಟು, ನಾನು ನಿನ್ನೆ ಬಿಗಿದಿದ್ದ ಕನ್ನಡಿಯನ್ನು ಮೆಲ್ಲಗೆ, ಒಂಚೂರು ಈಚೆ ಓರೆ ಮಾಡಿತು.

ಕನ್ನಡಿಯಲ್ಲಿ ಎರಡು ಕಣ್ಣುಗಳು. ನನ್ನ ತುಟಿಯ ಮೇಲೆ.

ಓಡಿ ಒಳಗೆ ಹೋಗಬೇಕು ಅನ್ನಿಸಿತು. ಅಷ್ಟರಲ್ಲಿ ಅವರು ಆ ಕೈಯನ್ನು ಎತ್ತಿದರು. ಬೆನ್ನು ತಿರುಗಿಸಿಕೊಂಡೇ, ಕ್ಲಾಸಿನ ಹುಡುಗನ ಹಾಗೆ ನೆಟ್ಟಗೆ.

ಗೊತ್ತಾಗಲಿಲ್ಲ, ಇನ್ನೊಂದು ಸಲ.

ಹೇಳಿದೆ. ತುಟಿ ಬಿಡಿಸಿ, ನಿಧಾನವಾಗಿ, ಒಂದೊಂದು ಪದವನ್ನೂ ಕೈಗೆ ಕೊಡುವ ಹಾಗೆ. ಕೈ ಇಳಿಯಲಿಲ್ಲ. ಕನ್ನಡಿಯಲ್ಲಿ ಕಣ್ಣಿನ ಅಂಚು ಮಾತ್ರ ಮಡಿಸಿಕೊಂಡಿತು. ಗೊತ್ತಾಗಿದೆ ಅವರಿಗೆ. ಮೊದಲನೇ ಸಲವೇ ಗೊತ್ತಾಗಿದೆ. ಆದರೂ ಕೈ ಮೇಲೆಯೇ ಇತ್ತು.

ಮೂರನೇ ಸಲ ನನಗೆ ಅಳು ಬಂತು. ಇಷ್ಟು ದಿನ ಬಾರದ ಅಳು. ಪದಗಳು ಅದರಲ್ಲಿ ಮುಳುಗಿ ಅರ್ಧವೂ ಹೊರಬರಲಿಲ್ಲ.

ಕೈ ಇಳಿಯಿತು. ಅವರು ತಲೆಯಾಡಿಸಿದರು.

ಗಾಡಿಗಳ ಸಾಲಿನಲ್ಲಿ ಸಂದು ಸಿಕ್ಕಿತು. ಅವರು ಹೊರಟರು. ಮಾವನ ಪದ್ಧತಿಯಂತೆ ಬದಲಿ ಲಿವರಿನಲ್ಲೇ. ಮೊದಲ ಗೇರ್ ಬದಲಾಯಿಸಿದ್ದು ತಪ್ಪಿತು. ಚೈನು ಗರಗರ ಎಂದಿತು. ಕನ್ನಡಿ ನೋಡುತ್ತ ಹೋಗುವವರಿಗೆ ಬೆರಳಿನ ಮೇಲೆ ಗಮನ ಎಲ್ಲಿಂದ? ಅಂಗಡಿಗಳನ್ನು ದಾಟುತ್ತ, ರಸ್ತೆಯ ಅರ್ಧದವರೆಗೂ ಆ ಸದ್ದು ನನಗೆ ಕೇಳುತ್ತಿತ್ತು. ಅದು ಇರುವಷ್ಟು ಹೊತ್ತು ಅವರು ನನ್ನನ್ನು ನೋಡುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಜೀವಮಾನದಲ್ಲಿ ಒಂದು ಕೆಟ್ಟ ಸದ್ದನ್ನು ನಿಲ್ಲಬೇಡ ಎಂದು ಬೇಡಿಕೊಂಡದ್ದು ಅದೊಂದೇ.

ತಿರುವಿನ ಹತ್ತಿರ ಅವರು ಬಾಗಿದರು. ಕೈ ದಂಡಕ್ಕೆ ಇಳಿಯಿತು. ಸದ್ದು ನಿಂತಿತು.

ಆಮೇಲೆ ರಸ್ತೆಯಲ್ಲಿ ಬರೀ ಗಾಡಿಗಳು. ಒಳಗೆ ಬಂದೆ. ಹಸಿರು ಬಟ್ಟೆಯ ಮೇಲೆ, ಅವರು ಬೇಡವೆಂದ ಕ್ಲಿಕ್ ಲಿವರ್ ಬಿದ್ದಿತ್ತು. ಮಾವ ಯಾವುದೋ ಚಕ್ರವನ್ನು ಸುಮ್ಮನೆ ತಿರುಗಿಸುತ್ತಿದ್ದ. ನನ್ನ ಮುಖ ನೋಡಲಿಲ್ಲ.

"ಏನಂದ್ರು ಮೇಷ್ಟ್ರು?"

"ಏನೂ ಅನ್ಲಿಲ್ಲ ಮಾವ."

ಬಟ್ಟೆಯನ್ನು ಮಡಿಸಿದೆ. ಲಿವರನ್ನು ಡಬ್ಬಕ್ಕೆ ಹಾಕಿ ಮುಚ್ಚಿದೆ.

"ಕೇಳಿಸ್ತಂತೆ."